‘ಗಿಂತ’ ಇದ್ದಲ್ಲೆಲ್ಲ ‘ದ್ಯಾನ್’ ಬೇಡ

ಕೊಣ್ಣೂರಿನ ಓದುಗರೊಬ್ಬರು ಇಂಗ್ಲಿಷಿನಲ್ಲಿ ಬರೆದ ನೌಕರಿ ಅರ್ಜಿಯ ಕರಡು ಕಳಿಸಿ, ತಪ್ಪೆಲ್ಲಿದೆ ಎಂದು ಕೇಳಿದ್ದಾರೆ. ತಪ್ಪಿರುವುದು ‘ಸೀನಿಯರ್ ದ್ಯಾನ್’ ಎಂಬಲ್ಲಿ.

ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವೆಲ್ಲ ಲ್ಯಾಟಿನ್ ಮೂಲದವು. ಹೋಲಿಸುವಾಗ ಇವುಗಳ ಮುಂದೆ ‘ಟು’ ಬರಬೇಕು. ‘ಪ್ರಿಫರ್ ಟೀ ಟು ಕಾಫಿ’ಯಲ್ಲೂ ಅಷ್ಟೇ. ‘ಮೋರ್ ಬೆಟರ್’ ಕಂಡರೆ ಮುಲಾಜಿಲ್ಲದೆ ‘ಮೋರ್’ ಹೊಡೆದುಹಾಕುವುದು.

ಅದೇ ಕರಡಿನಲ್ಲಿ ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. ಉದಾಹರಣೆಗೆ, ‘ನರಗುಂದದ ಬಿಸಿಲು ಬೆಳಗಾವಿಗಿಂತ ಜೋರು’ ಎಂದರೆ ಕನ್ನಡದಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ ಬಿಸಿಲನ್ನು ಊರಿಗೇ ಹೋಲಿಸಿದಂತಾಗುತ್ತದೆ. ಅಲ್ಲಿ ‘ದ್ಯಾನ್ ದ್ಯಾಟ್ ಆಫ್ ಬೆಳಗಾವಿ’ ಬೇಕು.

ಬೆಂಗಳೂರು ಕರ್ನಾಟಕದ ‘ಎನಿ ಸಿಟಿ’ಗಿಂತ ದೊಡ್ಡದು ಎಂದೂ ಬರೆಯುವಂತಿಲ್ಲ. ಅದೂ ಕರ್ನಾಟಕದ್ದೇ ನಗರವಲ್ಲವೇ? ‘ಎನಿ ಅದರ್ ಸಿಟಿ’ ಎಂದರೆ ಸರಿ.