ಮೋಟಾರು ಹಾಕಿಸಿದ ಮೇಲೆ ಹೊಲಿಗೆ ಮಷೀನ್ ಕಾಟ ಕೊಟ್ಟರೆ

ಬೆಟಗೇರಿಯ ಓಣಿಗಳಲ್ಲಿ ತುಳಿಯುವ ಮಷೀನಿಗೆ ಮೋಟಾರು, ಕಾಲಡಿಗೆ ಎಲೆಕ್ಟ್ರಾನಿಕ್ ಪೆಡಲ್ ಬಂದಿವೆ. ಒಳ್ಳೇದಾಯ್ತು, ಮೊಣಕಾಲಿಗೆ ಆರಾಮ. ಆದರೆ ಸ್ವಲ್ಪ ದಿನಕ್ಕೇ ದೂರು ಶುರುವಾಗುತ್ತದೆ: "ಅಕ್ಕಾರ, ನಿಧಾನ ಓಡಂಗಿಲ್ರಿ, ಒಮ್ಮೆಲೇ ಜಿಗೀತೈತ್ರಿ, ಗುಂಯ್ ಅಂತೈತ್ರಿ." ಬಹಳ ಸಲ ತಪ್ಪು ಮೋಟಾರಿನದಿರುವುದಿಲ್ಲ. ಹೊಸದಕ್ಕೆ ದುಡ್ಡು ಸುರಿಯುವ ಮುಂಚೆ ಇಷ್ಟು ನೋಡಿಕೊಳ್ಳಿ.

• ಮೊದಲು ಪ್ಲಗ್ ಕೀಳಿ, ಬೆಲ್ಟ್ ಬಿಚ್ಚಿ, ಗಾಲಿಯನ್ನು ಕೈಯಿಂದ ತಿರುಗಿಸಿ. ಒಂದೇ ಬೆರಳಿಗೆ ಹಗುರಾಗಿ ತಿರುಗಬೇಕು. ಕೈಗೆ ಭಾರವಾದದ್ದು 100 ವ್ಯಾಟಿನ ಮೋಟಾರಿಗೂ ಭಾರವೇ. ಇಷ್ಟು ವರ್ಷ ಆ ಭಾರವನ್ನು ನಿಮ್ಮ ಕಾಲು ಹೊತ್ತಿತ್ತು, ನಿಮಗೆ ಗೊತ್ತಾಗಿರಲಿಲ್ಲ.

• ಅಡುಗೆಮನೆಯ ಕುಸುಬಿ ಎಣ್ಣೆಯನ್ನು ಮಷೀನಿಗೆ ಬಿಡಬೇಡಿ. ಕೈಗೆ ಸಿಗುತ್ತದೆ, ಎರಡು ಹನಿ ತಾನೇ ಅನ್ನಿಸುತ್ತದೆ. ಆದರೆ ಕುಸುಬಿ ಎಣ್ಣೆ ಗಾಳಿಗೆ ಒಣಗಿ, ಅಂಟಾಗಿ, ಕೊನೆಗೆ ವಾರ್ನಿಷಿನಂತೆ ಗಟ್ಟಿಯಾಗಿ ಕೂರುತ್ತದೆ. ಹಾಗೆ ಬಿಗಿದ ಮಷೀನಿನಿಂದ ಮೋಟಾರು ಬಿಚ್ಚಿಟ್ಟು, ಒಲೆಯಿಂದ ದೂರ ಕೂತು, ತೂತುಗಳಿಗೆ ಚಿಮಣಿ ಎಣ್ಣೆ ಬಿಟ್ಟು ಗಾಲಿ ತಿರುಗಿಸುತ್ತಾ ಇರಿ. ಕಪ್ಪು ಜಿಡ್ಡು ಇಳಿಯುತ್ತದೆ. ಚೆನ್ನಾಗಿ ಒರೆಸಿ, ವಾಸನೆ ಹೋಗುವವರೆಗೂ ಗಾಳಿಗೆ ಬಿಡಿ, ಆಮೇಲೆ ಬಿಳಿ ಮಷೀನ್ ಎಣ್ಣೆ ಹಾಕಿ. ಮೊದಲು ಚಿಂದಿ ಬಟ್ಟೆಯ ಮೇಲೆ ಓಡಿಸಿ ನೋಡಿ, ಇಲ್ಲದಿದ್ದರೆ ಗಿರಾಕಿಯ ರೇಷ್ಮೆ ಜಂಪರಿಗೆ ಕಲೆ ಗ್ಯಾರಂಟಿ.

• ಅದೇ ಹುರುಪಿನಲ್ಲಿ ಮೋಟಾರಿಗೂ ಎಣ್ಣೆ ಸುರಿಯಬೇಡಿ. ಒಳಗಿನ ಕಾರ್ಬನ್‌ಗೆ ಎಣ್ಣೆ ತಾಗಿದರೆ ಧೂಳು ಹಿಡಿದು ಕಿಡಿ ಹೆಚ್ಚುತ್ತದೆ.

• ಬೆಲ್ಟನ್ನು ವೀಣೆಯ ತಂತಿ ಮಾಡಬೇಡಿ. ನಡುವೆ ಬೆರಳಿಟ್ಟು ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಬಿಗಿ ಹೆಚ್ಚಾದರೆ ಮೋಟಾರು ಕಾಯುತ್ತದೆ, ನಿಧಾನ ಓಡಲು ಒಲ್ಲೆ ಅನ್ನುತ್ತದೆ. ಮೋಟಾರಿನ ಪುಲ್ಲಿ, ಗಾಲಿ ಎರಡೂ ಒಂದೇ ನೇರಕ್ಕೆ ಇವೆಯೇ ಎಂದು ಬಾಗಿ ನೋಡಿ.

• ಮೆಲ್ಲಗೆ ತುಳಿದಾಗ ಬರೀ ಗುಂಯ್ ಅಂದು ಸೂಜಿ ಅಲ್ಲಾಡದಿದ್ದರೆ ಒತ್ತಿಕೊಂಡೇ ಕೂರಬೇಡಿ. ನಿಂತ ಮೋಟಾರಿಗೆ ಕರೆಂಟು ಹರಿಯುತ್ತಲೇ ಇದ್ದರೆ ಒಳಗಿನ ಸುರುಳಿ ಸುಡುತ್ತದೆ. ಕಾಲು ತೆಗೆದು, ಗಾಲಿಯನ್ನು ಕೈಯಿಂದ ಒಂದಿಷ್ಟು ಸರಿಸಿ, ಮತ್ತೆ ತುಳಿಯಿರಿ. ಜೀನ್ಸಿನ ಮಡಿಕೆ, ಖಣದ ದಪ್ಪ ಅಂಚು ಬಂದಾಗಲೂ ಹೀಗೇ ಮಾಡಿ. ಖಾಲಿ ಓಡಿಸಿದರೂ ಹಾಗೇ ಗುಂಯ್ ಅಂದರೆ ಪರಿಚಯದವರ ಪೆಡಲ್ ಹಾಕಿ ನೋಡಿ, ಪಿನ್ ಮಾತ್ರ ಒಂದೇ ತರಹದ್ದಿರಲಿ. ಅದರಲ್ಲಿ ಸರಿ ಓಡಿದರೆ ಪೆಡಲ್ ಒಂದನ್ನೇ ಕೊಂಡರೆ ಸಾಕು, ಮೋಟಾರಿನ ದುಡ್ಡು ಉಳಿಯಿತು.

• ಸ್ವಿಚ್ ಹಾಕಿದ ಕೂಡಲೇ, ಕಾಲಿಡುವ ಮುಂಚೆಯೇ ಓಡಿದರೆ ತಕ್ಷಣ ಪ್ಲಗ್ ಕೀಳಿ. ಎಲೆಕ್ಟ್ರಾನಿಕ್ ಪೆಡಲಿನೊಳಗೆ ಟ್ರಯಾಕ್ ಎಂಬ ಪುಟ್ಟ ತುಂಡು ಶಾರ್ಟ್ ಆಗಿದ್ದರೆ ಹೀಗಾಗುತ್ತದೆ. "ಇದೊಂದು ಜಂಪರು ಮುಗಿಸಿಬಿಡ್ತೀನಿ" ಅನ್ನಬೇಡಿ, ಸೂಜಿ ಬೆರಳಲ್ಲಿ ಹೊಕ್ಕೀತು.

• ಪೆಡಲ್ ಕೆಟ್ಟಿತೆಂದು ಗೋಡೆಯ ಫ್ಯಾನ್ ರೆಗ್ಯುಲೇಟರಿಗೆ ಮಷೀನ್ ಜೋಡಿಸುವವರಿದ್ದಾರೆ. ದಯವಿಟ್ಟು ಬೇಡ. ಅದು ಫ್ಯಾನಿನ ಮೋಟಾರಿಗೆಂದೇ ಮಾಡಿದ್ದು. ಮೇಲಾಗಿ ಕಾಲು ತೆಗೆದರೆ ಮಷೀನ್ ನಿಲ್ಲಬೇಕು, ರೆಗ್ಯುಲೇಟರಿಗೆ ನಿಮ್ಮ ಕಾಲಿನ ಸುದ್ದಿ ತಿಳಿಯುವುದಿಲ್ಲ.

• ಪೆಡಲನ್ನು ನೆಲಕ್ಕೇ ಇಡದೆ ಒಂದು ಹಲಗೆಯ ಮೇಲಿಡಿ. ಬೆಟಗೇರಿಯಲ್ಲಿ ಮಗ್ಗದ ನೂಲಿನ ಎಳೆ ಇರುತ್ತದೆ. ಮುಂಡರಗಿ ಕಡೆ ಕಪ್ಪತಗುಡ್ಡದ ಗಾಳಿ ಎದ್ದರೆ ಮನೆಯೊಳಗೆಲ್ಲ ಮಣ್ಣು. ಎರಡೂ ಪೆಡಲಿನ ಸಂದಿಗೆ ಹೋಗಿ ಕೂರುತ್ತವೆ. ನೆಲ ಒರೆಸುವ ದಿನ ಮೇಲೆತ್ತಿಡಲು ಮರೆಯಬೇಡಿ.

• ಮೋಟಾರಿನಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಡಿ. ಕಿಡಿ ಹಳದಿಯಾಗಿ ಸುತ್ತೆಲ್ಲ ಹರಡಿ, ಸುಟ್ಟ ವಾಸನೆ ಬಂದರೆ ಕಾರ್ಬನ್ ಸವೆದಿರಬಹುದು. ಎರಡೂ ಕಾರ್ಬನ್ ಒಟ್ಟಿಗೇ ಬದಲಿಸಿ. ಅಂಗಡಿಗೆ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಉಷಾ, ಸಿಂಗರ್ ಎಂದು ಹೆಸರು ಹೇಳಿದರೆ ಸಾಲದು, ಅಳತೆ ಬೇರೆ ಬೇರೆ ಇರುತ್ತದೆ.

• ಮಷೀನ್ ದಿಢೀರನೆ ಮಂದವಾದರೆ ಮೊದಲು ಮನೆಯ ಫ್ಯಾನ್ ನೋಡಿ. ಅದೂ ಮಂದವಾಗಿದ್ದರೆ ಅದು ವೋಲ್ಟೇಜಿನ ಆಟ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜು ಇಳಿದರೆ ಬಟನ್, ಹುಕ್ಕು, ಕೈಹೊಲಿಗೆ ಮುಗಿಸಿಕೊಳ್ಳಿ.

• ಗೃಹಜ್ಯೋತಿಯ ಉಚಿತ ಕರೆಂಟಿನ ಲೆಕ್ಕ ಕೆಟ್ಟೀತೆಂದು ಮೋಟಾರು ಬಿಚ್ಚಿಸಬೇಡಿ. ನಿಮ್ಮ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚು, 200 ಯೂನಿಟ್‌ವರೆಗೆ ಅವಕಾಶವಿದೆ. 100 ವ್ಯಾಟಿನ ಮೋಟಾರು ಬಿಡದೆ ಹತ್ತು ತಾಸು ಓಡಿದರೆ ಒಂದೇ ಯೂನಿಟ್. ಕರೆಂಟು ತಿನ್ನುವುದು ಅಂಗಡಿಯ ಹಳೆಯ ಕ್ಲಚ್ ಮೋಟಾರು, ನೀವು ಹೊಲಿದರೂ ಸುಮ್ಮನೆ ಕೂತರೂ ತಿರುಗುತ್ತಲೇ ಇರುತ್ತದೆ. ಅಲ್ಲಿಗೆ ಸರ್ವೋ ಮೋಟಾರು ಹಾಕಿಸಿ, ತುಳಿದಾಗ ಮಾತ್ರ ತಿರುಗುತ್ತದೆ. ಮೊದಲ ದಿನ ವೇಗವನ್ನು ತೀರಾ ಕಡಿಮೆಗಿಡಿ. ಗಾಲಿ ಉಲ್ಟಾ ತಿರುಗಿ ದಾರ ಸಿಕ್ಕಿಕೊಂಡರೆ ಮೋಟಾರು ಕೆಟ್ಟಿತೆಂದು ಅಳಬೇಡಿ, ದಿಕ್ಕು ಬದಲಿಸುವ ವ್ಯವಸ್ಥೆ ಬಹಳ ಸರ್ವೋಗಳಲ್ಲೇ ಇರುತ್ತದೆ.

• ತೋಂಟದಾರ್ಯ ಜಾತ್ರೆ, ಫಕೀರೇಶ್ವರ ಜಾತ್ರೆ, ಲಗ್ನಸರಾಯಿಯ ವಾರದಲ್ಲಿ ಹೊಸ ಮೋಟಾರು ಕೂರಿಸಬೇಡಿ. ಹೊಸ ಪೆಡಲಿಗೆ ಕಾಲು ಒಗ್ಗಲು ದಿನ ಬೇಕು, ಗಿರಾಕಿಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

• ವೈರು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ರಿಪೇರಿಯವನಿಗೂ ಅನುಕೂಲ. ಹಳೆಯ ಚರ್ಮದ ಬೆಲ್ಟನ್ನು ಎಸೆಯದೆ ಸುತ್ತಿ ಡ್ರಾಯರಿನಲ್ಲಿಡಿ. ಕರೆಂಟು ಹೋದ ದಿನ ಅದನ್ನೇ ಹಾಕಿ ತುಳಿದು ಹೊಲಿಯಬಹುದು.