ರಬ್ಬರಿನ ಕೈ

ಅತ್ತೆಗೆ ವಾಂತಿ ಭೇದಿ. ಸೊಸೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗ್ಲೂಕೋಸ್ ಹಾಕಬೇಕು ಎಂದರು ಡಾಕ್ಟರು. ಸಿಸ್ಟರ್ ಸೂಜಿ ಚುಚ್ಚಿದರು. ನರ ಸಿಗಲಿಲ್ಲ. ಇನ್ನೊಂದು ಕೈಗೆ ಚುಚ್ಚಿದರು. ಅಲ್ಲೂ ಸಿಗಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ಬಂತು.

"ನನ್ನ ಕೈ ಮೇಲೆ ಕಲೀತಾ ಇದ್ದೀಯೇನವ್ವಾ?"

ಸೊಸೆ ಹೇಳಿದಳು, "ದೊಡ್ಡ ಸಿಸ್ಟರನ್ನ ಕರೀರಿ."

ಅವರು ಬಂದರು. "ಮುಂಚೆ ಗ್ಲೂಕೋಸ್ ಹಾಕಿದಾಗ ನರ ಎಲ್ಲಿ ಸಿಕ್ಕಿತ್ತು?" ಎಂದು ಕೇಳಿದರು. ಇಬ್ಬರಿಗೂ ನೆನಪಿಲ್ಲ. ಅತ್ತೆಯ ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟರು. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿದರು. ಆಮೇಲೆ ಪಟ್ಟಿ ಕಟ್ಟಿ, ಬೆರಳಿನಿಂದ ತಡವಿ ತಡವಿ ನೋಡಿದರು. ಒಂದೇ ಸಲಕ್ಕೆ ಸಿಕ್ಕಿತು! ಬಾಟ್ಲಿಯಿಂದ ಹನಿ ಬೀಳತೊಡಗಿತು.

"ಈ ಹುಡುಗಿ ಕಲಿತೇ ಬಂದಿದ್ದಾಳಮ್ಮ, ರಬ್ಬರಿನ ಕೈ ಮೇಲೆ" ಎಂದರು ದೊಡ್ಡ ಸಿಸ್ಟರ್.

ಏನಿದು ರಬ್ಬರಿನ ಕೈ? ನೋಡಲು ನಮ್ಮ ಕೈಯಂತೆಯೇ ಇರುತ್ತದೆ. ತೊಗಲಿನ ಕೆಳಗೆ ಸಣ್ಣ ಕೊಳವೆಗಳು. ಅದರೊಳಗೆ ಕೆಂಪು ನೀರು. ಸೂಜಿ ಸರಿಯಾಗಿ ಹೋದರೆ ಅದರ ಹಿಂಬದಿಯಲ್ಲಿ ಕೆಂಪು ಕಾಣುತ್ತದೆ. ಆಗ ಸೂಜಿಯನ್ನು ಸ್ವಲ್ಪ ಮಲಗಿಸಬೇಕು. ಅದರ ಮೇಲಿರುವ ಮೆತ್ತನೆ ಪ್ಲಾಸ್ಟಿಕ್ ನಳಿಗೆಯನ್ನು ಮುಂದೆ ತಳ್ಳಬೇಕು. ಸೂಜಿ ಹೊರಗೆ ತೆಗೆಯಬೇಕು. ನಮ್ಮ ಕೈಯಲ್ಲಿ ಉಳಿಯುವುದು ಸೂಜಿ ಅಲ್ಲ, ನಳಿಗೆ ಮಾತ್ರ. ಹತ್ತು ಸಲ ತಪ್ಪಿದರೂ ರಬ್ಬರಿಗೆ ನೋವಿಲ್ಲ.

ನಾವು ನರ ಅನ್ನುತ್ತೇವೆ. ಅದು ರಕ್ತನಾಳ. ಭೇದಿ ಆದಾಗ ಮೈಯ ನೀರು ಹೋಗಿ ನಾಳ ಕುಗ್ಗುತ್ತದೆ. ದಪ್ಪ ಮೈಯವರಲ್ಲಿ ಆಳದಲ್ಲಿ ಅಡಗಿರುತ್ತದೆ. ಮುದುಕರಲ್ಲಿ ಕಂಡರೂ ಜಾರುತ್ತದೆ. ಕೂಸಿನ ನಾಳವಂತೂ ಬಲು ಸಣ್ಣದು. ಇಂಥವರಿಗಾಗಿ ಬೇರೆ ಅಭ್ಯಾಸ ಬೇಕು. ಬಸುರಿಯ ಹೊಟ್ಟೆ ಸ್ಕ್ಯಾನಿಂಗ್ ಮಾಡುತ್ತಾರಲ್ಲ, ಆ ಬಗೆಯ ಯಂತ್ರದಲ್ಲಿ ನಾಳ ಹುಡುಕಬಹುದು. ಪರದೆಯಲ್ಲಿ ಅದು ಕಪ್ಪು ಬೊಟ್ಟಿನಂತೆ ಕಾಣುತ್ತದೆ. ಒತ್ತಿದರೆ ಚಪ್ಪಟೆ ಆಗುತ್ತದೆ. ಮಿಡಿಯುವ ನಾಳಕ್ಕೆ ಗ್ಲೂಕೋಸ್ ಹಾಕಬಾರದು. ಕಣ್ಣು ಪರದೆಯ ಮೇಲೆ, ಕೈ ಸೂಜಿಯ ಮೇಲೆ! ಇದನ್ನೂ ಮೊದಲು ಜೆಲ್ಲಿಯಂಥ ಮುದ್ದೆಗೆ ಚುಚ್ಚಿ ಕಲಿಯುತ್ತಾರೆ. ಎಲ್ಲ ಆಸ್ಪತ್ರೆಯಲ್ಲೂ ಈ ಯಂತ್ರ ಇರುವುದಿಲ್ಲ.

"ಆದರೆ ರಬ್ಬರಿನ ಕೈ ಅಳೋದಿಲ್ಲ, ಎಳ್ಕೊಳ್ಳೋದೂ ಇಲ್ಲ" ಎಂದರು ದೊಡ್ಡ ಸಿಸ್ಟರ್. "ಹೊಸಬರ ಪಕ್ಕ ನಾನು ನಿಂತಿರಬೇಕಿತ್ತು. ಕೈ ಊದಿದರೆ, ಉರಿದರೆ ಕೂಡಲೇ ಹೇಳಿ ಅಜ್ಜಿ."

ಸೊಸೆ ಆಸ್ಪತ್ರೆ ಚೀಟಿಯ ಹಿಂದೆ ಬರೆದಳು:

ಅತ್ತೆ. ಎಡಗೈ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ.