ಸಹೋದ್ಯೋಗಿಗಳೊಡನೆ ಬೆಟ್ಟವೇರುವಾಗ: ನಿಧಾನವಾಗಿ ನಡೆಯುವವರೇ ಮುಂದಿರಲಿ

ವರ್ಷವಿಡೀ ಒಂದೇ ಕಡೆ ದುಡಿಯುವವರು ಒಂದು ದಿನ ಒಟ್ಟಾಗಿ ಬೆಟ್ಟವೇರಿ ಬರುವ ರೂಢಿ ಈಚಿನ ವರ್ಷಗಳಲ್ಲಿ ಬೆಳೆದಿದೆ. ಬೆಂಗಳೂರಿನ ಸಂಸ್ಥೆಗಳಲ್ಲಿರುವ ನಮ್ಮ ಮನೆಯ ಮಕ್ಕಳಂತೆ ಶಾಲೆ, ಬ್ಯಾಂಕು, ಸಹಕಾರ ಸಂಘಗಳ ನೌಕರರೂ ಇಂತಹ ಪ್ರವಾಸ ಕೈಗೊಳ್ಳುತ್ತಾರೆ. ಮಲ್ಲಿಪಟ್ಟಣದ ಸೀಮೆಯವರಿಗೆ ಬೆಟ್ಟಗಳು ದೂರವೂ ಅಲ್ಲ. ಪಶ್ಚಿಮಕ್ಕೆ ಬಿಸಿಲೆ ಘಟ್ಟ ಹಾಗೂ 1,712 ಮೀಟರ್ ಎತ್ತರದ ಕುಮಾರಪರ್ವತ, ಸಕಲೇಶಪುರದ ಕಡೆ ಜೇನುಕಲ್ಲು ಗುಡ್ಡ, ಚಿಕ್ಕಮಗಳೂರಿನಲ್ಲಿ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇವೆ.

ಈ ಪ್ರವಾಸ ದೇಹಕ್ಕೂ ಮನಸ್ಸಿಗೂ ಹಿತಕರ. ಆದರೆ ಇದರಲ್ಲಿ ಒಂದು ಅಪಾಯವಿದೆ. ಮನೆಯವರೊಡನೆ ಹೋದಾಗ 'ನನಗೆ ಆಗದು' ಎನ್ನುವ ವ್ಯಕ್ತಿ, ಮೇಲಧಿಕಾರಿಗಳ ಮುಂದೆ ಹಾಗೂ ಕಿರಿಯ ಸಹೋದ್ಯೋಗಿಗಳ ನಡುವೆ ಸಂಕೋಚದಿಂದ ಸುಮ್ಮನಿರುತ್ತಾನೆ. ಎದೆ ಬಿಗಿದರೂ ನಡೆಯುತ್ತಾನೆ. ಆ ಮೌನವೇ ಪ್ರಾಣಕ್ಕೆ ಎರವಾಗಬಹುದು.

ಹೊರಡುವ ಮುನ್ನ

ದಿನವೆಲ್ಲ ಕುಳಿತು ದುಡಿಯುವವರು ಅಭ್ಯಾಸವಿಲ್ಲದೆ ಒಮ್ಮೆಲೇ ಕಠಿಣ ಶ್ರಮಕ್ಕೆ ಇಳಿದರೆ ಹೃದಯಾಘಾತದ ಸಂಭವ ಹೆಚ್ಚುತ್ತದೆ. ನಿತ್ಯ ನಡೆಯುವವರಲ್ಲಿ ಅದು ಕಡಿಮೆ. ಆದ್ದರಿಂದ ಆರು ವಾರ ಮೊದಲೇ ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಆರಂಭಿಸಿ, ಕ್ರಮೇಣ ಒಂದು ಗಂಟೆಗೆ ಏರಿಸಬೇಕು. ಮೆಟ್ಟಿಲು ಹತ್ತಿಳಿಯುವುದೂ ಸೇರಿರಲಿ. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ವೈದ್ಯರ ಸಲಹೆ ಪಡೆಯಬೇಕು. ತಮ್ಮ ಕಾಯಿಲೆಯನ್ನೂ ಔಷಧಿ ಇರಿಸಿದ ಜಾಗವನ್ನೂ ತಂಡದ ಒಬ್ಬರಿಗಾದರೂ ತಿಳಿಸಿರಬೇಕು.

ದಾರಿಯ ಆಯ್ಕೆಯೂ ಮುಖ್ಯ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತಕ್ಕೆ 1,500 ಮೀಟರಿಗೂ ಹೆಚ್ಚು ಎತ್ತರ ಏರಬೇಕು. ಒಂದು ಮಹಡಿಗೆ ಮೂರು ಮೀಟರಿನಂತೆ ಲೆಕ್ಕ ಹಾಕಿದರೆ ಇದು 500 ಮಹಡಿಗಳ ಮೆಟ್ಟಿಲು ಹತ್ತಿದಂತೆ. ಅಭ್ಯಾಸವಿಲ್ಲದ ತಂಡಕ್ಕೆ ಒಂದೇ ದಿನದಲ್ಲಿ ಹೋಗಿ ಬರುವ ದಾರಿ ಇದಲ್ಲ. ಮೊದಲ ಸಲಕ್ಕೆ ಎರಡು ಗಂಟೆಯಲ್ಲಿ ಏರಬಹುದಾದ ಬೆಟ್ಟವೇ ಸಾಕು. ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆ ಅದನ್ನು ಮೊದಲೇ ಪಡೆದಿರಬೇಕು.

ಏರುವಾಗ

ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು, ಅನುಭವಿಯಾದ ಒಬ್ಬರು ಕೊನೆಯಲ್ಲಿರಬೇಕು. ಯಾರೊಬ್ಬರೂ ಒಂಟಿಯಾಗಿ ಹಿಂದುಳಿಯಬಾರದು. ನಡೆಯುತ್ತಲೇ ಒಂದು ಪೂರ್ಣ ವಾಕ್ಯ ಆಡಲು ಸಾಧ್ಯವಾದರೆ ವೇಗ ಸರಿಯಿದೆ. ಮಾತು ತುಂಡಾದರೆ ನಡಿಗೆ ನಿಧಾನವಾಗಬೇಕು.

'ಎತ್ತರದಲ್ಲಿ ಗಾಳಿ ತೆಳು, ಅದಕ್ಕೇ ಏದುಸಿರು' ಎಂದು ಸಮಾಧಾನಪಟ್ಟುಕೊಳ್ಳುವವರುಂಟು. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಆದ್ದರಿಂದ ನಮ್ಮ ಬೆಟ್ಟಗಳಲ್ಲಿ ವಿಶ್ರಾಂತಿಯಿಂದಲೂ ಇಳಿಯದ ಏದುಸಿರನ್ನು ಎತ್ತರದ ಮೇಲೆ ಹೊರಿಸಿ ಕಡೆಗಣಿಸಬಾರದು. ಎದೆಯಲ್ಲಿ ಬಿಗಿತ, ತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಆ ವ್ಯಕ್ತಿಯನ್ನು ಅಲ್ಲಿಯೇ ಕೂರಿಸಬೇಕು. ನಡೆಸಿಕೊಂಡು ಇಳಿಸಬಾರದು. 108ಕ್ಕೆ ಕರೆ ಮಾಡಬೇಕು. ಮೊಬೈಲ್ ಸಂಪರ್ಕ ಸಿಗದಿದ್ದರೆ ಇಬ್ಬರು ಕೆಳಗೆ ಧಾವಿಸಿ ನೆರವು ತರಬೇಕು, ಉಳಿದವರು ರೋಗಿಯ ಬಳಿ ಇರಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಶ್ರಮದಿಂದ ರಕ್ತದ ಸಕ್ಕರೆ ಕುಸಿಯಬಹುದು. ಕೈನಡುಕ, ಬೆವರು, ಗೊಂದಲ ಇದರ ಲಕ್ಷಣಗಳು. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ನೋಡಿ, ಅಗತ್ಯವಿದ್ದರೆ ಮತ್ತೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಬಾಯಾರುವ ತನಕ ಕಾಯದೆ ಆಗಾಗ ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಬಹಳ ಬೆವರಿದವರಿಗೆ ಓಆರ್‌ಎಸ್ ಅಥವಾ ಉಪ್ಪು ಬೆರೆಸಿದ ಮಜ್ಜಿಗೆ ಒಳ್ಳೆಯದು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಗುಡುಗು ಕೇಳಿಸಿದೊಡನೆ ಶಿಖರವನ್ನೂ ಒಂಟಿ ಮರವನ್ನೂ ಬಿಟ್ಟು ಇಳಿಯಬೇಕು.

ಇಳಿಯುವಾಗ, ಮನೆಗೆ ಬಂದ ಮೇಲೆ

ಏರುವಾಗ ದಣಿಯುವುದು ಉಸಿರು. ಇಳಿಯುವಾಗ ಪೆಟ್ಟು ತಿನ್ನುವುದು ಮಂಡಿ ಮತ್ತು ತೊಡೆ. ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆದು ಹಿಡಿಯಬೇಕಾದ್ದರಿಂದ ತೊಡೆಯ ಸ್ನಾಯುಗಳು ನೋಯುತ್ತವೆ. ಒಂದೆರಡು ದಿನಗಳಲ್ಲಿ ನೋವು ಹೆಚ್ಚಾಗಿ, ಬಳಿಕ ತಾನಾಗಿ ಶಮನವಾಗುತ್ತದೆ. ಓಡದೆ, ಮಂಡಿಯನ್ನು ತುಸು ಬಾಗಿಸಿ, ಊರುಗೋಲಿನ ಆಸರೆಯಲ್ಲಿ ಚಿಕ್ಕ ಹೆಜ್ಜೆ ಇಡಬೇಕು. ಕತ್ತಲಾಗುವ ಮೊದಲೇ ತಳ ಸೇರುವಂತೆ, ಶಿಖರ ಸಿಗಲಿ ಸಿಗದಿರಲಿ, ಹಿಂದಿರುಗುವ ಗಳಿಗೆಯನ್ನು ಬೆಳಿಗ್ಗೆಯೇ ನಿಶ್ಚಯಿಸಿರಬೇಕು.

ಮನೆಗೆ ಬಂದೊಡನೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಮೇಲೆ ಉಣ್ಣೆಹುಳು ಕಚ್ಚಿದೆಯೇ ಎಂದು ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈ ಹುಳುವಿನಿಂದಲೇ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಮಲೆನಾಡಿನಲ್ಲಿ ಇದರ ಭಯ ಹೆಚ್ಚು. ಕಚ್ಚಿದ ಹುಳುವನ್ನು ಸುಡದೆ, ಹಿಸುಕದೆ, ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಮುಂದಿನ ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ಹೇಳಲೇಬೇಕು.

ಹೊರಟವರೆಲ್ಲರೂ ಕ್ಷೇಮವಾಗಿ ಮರುದಿನ ಕಾಯಕಕ್ಕೆ ಮರಳುವುದೇ ಈ ಪ್ರವಾಸದ ಸಾರ್ಥಕ್ಯ. 'ನಾನು ಇಲ್ಲಿಯೇ ನಿಲ್ಲುತ್ತೇನೆ' ಎಂದು ಹೇಳಿದವರನ್ನು ನಗದೆ, ಅವರ ಜೊತೆ ಒಬ್ಬರು ನಿಲ್ಲುವ ತಂಡವು ಕಚೇರಿಯಲ್ಲಿಯೂ ಒಂದಾಗಿ ದುಡಿಯಬಲ್ಲದು.